ಅಪ್ಪನ ರುಜು

ನನ್ನ ಅಪ್ಪನ ಮತವನ್ನು ತಿರಸ್ಕರಿಸಿದವಳು ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ. ತಿರಸ್ಕರಿಸುವ ಮೊದಲು ನಕ್ಕೆ. ಅದನ್ನೂ ಹೇಳಿಬಿಡುತ್ತೇನೆ. ತಿರಸ್ಕರಿಸಿದ್ದಕ್ಕಿಂತ ನಕ್ಕದ್ದೇ ನನ್ನನ್ನು ಹೆಚ್ಚು ಸುಡುತ್ತಿದೆ.

ನಾನು ಒದಿಲಿಯಾ ಕಿಂತೆರೊ. ವಯಸ್ಸು ಮೂವತ್ತೆಂಟು. ಅಮೆರಿಕದ ವಾಯವ್ಯ ಮೂಲೆಯ ಈ ಸೇಬಿನ ಕಣಿವೆಯಲ್ಲೇ ಬೆಳೆದವಳು. ಅಪ್ಪ ಅನ್ಸೆಲ್ಮೊ ಮೆಕ್ಸಿಕೊದಿಂದ ಬಂದು ಇಲ್ಲಿ ನಲವತ್ತು ವರ್ಷ ಸೇಬು ಕಿತ್ತವನು. ಎದೆಗೆ ಚೀಲ ಕಟ್ಟಿಕೊಂಡು ಏಣಿ ಹತ್ತುವುದು, ಚೀಲ ತುಂಬಿದ ಮೇಲೆ ಇಳಿದು ಮರದ ಪೆಟ್ಟಿಗೆಗೆ ಸುರಿಯುವುದು, ಮತ್ತೆ ಏಣಿ ಹತ್ತುವುದು. ಚೀಲ ಇಪ್ಪತ್ತು ಕಿಲೋ ತೂಗುತ್ತದೆ. ಒಮ್ಮೆ ಏಣಿ ಜಾರಿ ಬಿದ್ದು ಬಲಗೈ ತೋರುಬೆರಳು ಮುರಿಯಿತು. ತೋಟದವರು ಎರಡು ಕಡ್ಡಿ ಇಟ್ಟು ಪಟ್ಟಿ ಕಟ್ಟಿ ಮರುದಿನ ಕೆಲಸಕ್ಕೆ ಕರೆದರು. ಆ ಬೆರಳು ಆಮೇಲೆ ಮಡಚಲೇ ಇಲ್ಲ.

ನಾನು ಹನ್ನೊಂದು ವರ್ಷ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದೆ. ಓಡುವ ಬೆಲ್ಟಿನ ಪಕ್ಕ ನಿಂತು, ಅಪ್ಪನಂಥವರು ಕಿತ್ತ ಹಣ್ಣಿನಲ್ಲಿ ಮಚ್ಚೆ ಬಿದ್ದದ್ದನ್ನು ಎಸೆಯುವ ಕೆಲಸ. ಯಾರ ತೋಟದ್ದು, ಯಾರು ಕಿತ್ತದ್ದು ಎಂದು ನೋಡುವ ಹಾಗಿಲ್ಲ. ಮಚ್ಚೆ ಇದೆಯೇ, ಎಸೆ. ಬೆಲ್ಟು ನಿಲ್ಲುವುದಿಲ್ಲ. ಹಾಗೆ ನೋಡಿ ನೋಡಿ ನನ್ನ ಕಣ್ಣಿಗೆ ಮಚ್ಚೆ ಮಾತ್ರ ಕಾಣುವ ಅಭ್ಯಾಸವಾಯಿತು.

ಆ ಕಣ್ಣಿಗಾಗಿಯೇ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಚುನಾವಣಾ ಕಚೇರಿ ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡಿತು.

ನಮ್ಮ ಕಡೆ ಮತ ಹಾಕಲು ಯಾರೂ ಸಾಲು ನಿಲ್ಲುವುದಿಲ್ಲ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಗುರುತು ಹಾಕಿ, ಲಕೋಟೆಯೊಳಗಿಟ್ಟು, ಲಕೋಟೆಯ ಬೆನ್ನಿಗೆ ಸಹಿ ಮಾಡಿ ಕಳಿಸಬೇಕು. ಆ ಸಹಿ ಕಡತದಲ್ಲಿರುವ ಸಹಿಯ ಹಾಗೇ ಇದ್ದರೆ ಲಕೋಟೆ ಒಡೆಯುತ್ತಾರೆ. ಇಲ್ಲದಿದ್ದರೆ ಒಡೆಯುವುದಿಲ್ಲ. ಹಾಗೇ ಇದೆಯೋ ಇಲ್ಲವೋ ಎಂದು ನೋಡುವವರು ನಾವು. ಪರದೆಯ ಮೇಲ್ಭಾಗದಲ್ಲಿ ಕಡತದ ಸಹಿ, ಕೆಳಗೆ ಲಕೋಟೆಯ ಸಹಿ. ಹೆಸರು ತೋರಿಸುವುದಿಲ್ಲ, ಪಕ್ಷಪಾತ ಆಗಬಾರದಂತೆ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಒಂದು ಜೋಡಿಗೆ ಆರು ಸೆಕೆಂಡು.

ಬೆಚ್ಚಗಿನ ಕೋಣೆ. ಕುರ್ಚಿ. ಕೊರಳಲ್ಲಿ ಫೋಟೋ ಇರುವ ಬ್ಯಾಡ್ಜು. ನಮ್ಮ ಮನೆತನದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದ್ದು ನನಗೇ ಮೊದಲು. ಗಾಲಿಯ ಮೇಲೆ ನಿಂತ ಟ್ರೇಲರ್ ಮನೆಗಳ ನಮ್ಮ ಕೇರಿಯಲ್ಲಿ ಅಪ್ಪ ಬಾಗಿಲು ಬಾಗಿಲಿಗೆ ಹೋಗಿ ಹೇಳಿಬಂದ. ‘ನನ್ ಮಗಳು ಅಧ್ಯಕ್ಷರ ಚುನಾವಣೇಲಿ ಕೆಲ್ಸ ಮಾಡ್ತಾಳೆ’ ಅಂದ. ಅಧ್ಯಕ್ಷರೇ ಫೋನು ಮಾಡಿ ಕರೆದರೇನೋ ಎಂಬ ಹಾಗಿತ್ತು ಆ ಜಂಬ.

ಮತದಾನದ ಮರುದಿನ ಲಕೋಟೆಗಳ ರಾಶಿ ಬಂತು. ಅಧ್ಯಕ್ಷರು ಯಾರೆಂದು ಬೆಳಗಿನ ಜಾವಕ್ಕೇ ಟಿವಿಯವರು ಘೋಷಿಸಿ ಆಗಿತ್ತು. ಆದರೂ ಎಣಿಕೆ ಮೂರು ವಾರ ನಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಪರದೆಯ ಮೇಲೆ ಒಂದು ಜೋಡಿ ಬಂತು. ಮೇಲಿನದು ಚೊಕ್ಕ. ದೊಡ್ಡದೊಂದು ‘ಎ’, ಆಮೇಲೆ ಒಂದು ಅಲೆ, ಮುಗಿಯಿತು. ಎಲ್ಲೋ ನೋಡಿದ ಹಾಗಿದೆ ಎನಿಸಿತು. ಕೆಳಗಿನದು ಒಂದರ ಮೇಲೊಂದು ಹತ್ತಿ ಕೂತ ನಡುಗುವ ಅಕ್ಷರಗಳು. ಅವುಗಳ ಸುತ್ತ ಮೂರು ಸುಳಿ. ಸುಳಿ ಅಕ್ಷರಗಳನ್ನೇ ಮುಚ್ಚಿಹಾಕಿತ್ತು. ತುದಿಯಲ್ಲಿ ಎರಡು ಚುಕ್ಕೆ.

ಪಕ್ಕದ ಕುರ್ಚಿಯ ಡ್ವೇನ್, ನಿವೃತ್ತ ವಿಮಾ ಏಜೆಂಟು, ಬಗ್ಗಿ ನೋಡಿದ. ಒಬ್ಬರು ಕೆಂಪು ಒತ್ತಿದ್ದನ್ನು ಇನ್ನೊಬ್ಬರು ಒಪ್ಪಬೇಕೆಂದು ನಿಯಮ.

‘ಜೇಡಕ್ಕೆ ಬಿಯರ್ ಕುಡಿಸಿ ಓಡಿಸಿದ ಹಾಗಿದೆಯಲ್ಲ’ ಅಂದ.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ಅಲ್ಲ, ಆದರೆ ನಕ್ಕೆ. ಅವನ ಜೊತೆ ನಗುವವಳು ಎಂದು ಅವನಿಗೆ ತೋರಬೇಕಿತ್ತು. ಕೆಂಪು ಒತ್ತಿದೆ. ಅವನೂ ಒತ್ತಿದ. ಮುಂದಿನ ಜೋಡಿ ಬಂತು.

ಆ ವಾರ ಅಂಥ ಸುಳಿಯ ಸಹಿಗಳು ತುಂಬ ಬಂದವು. ಎಲ್ಲವನ್ನೂ ಎಸೆದೆ. ಮೇಲ್ವಿಚಾರಕಿ ಮಾರ್ಲಿನ್ ನನ್ನ ಹೆಗಲು ತಟ್ಟಿ, ‘ನಿನ್ನದು ಹದ್ದಿನ ಕಣ್ಣು ಕಣೇ’ ಅಂದಳು.

ವಾರ ಕಳೆದ ಮೇಲೆ ಮನೆಗೆ ಒಂದು ಬಿಳಿ ಕಾಗದ ಬಂತು.

ನಮ್ಮ ಮನೆಗೆ ಬರುವ ಕಾಗದವನ್ನೆಲ್ಲ ಓದುವವಳು ನಾನೇ. ಅಪ್ಪನಿಗೆ ಇಂಗ್ಲಿಷ್ ಬಾರದು. ಅವನು ಅದನ್ನು ತೊರ್ತಿಯಾ ರೊಟ್ಟಿಯ ಡಬ್ಬದ ಕೆಳಗೆ ಜೋಪಾನವಾಗಿ ಇಟ್ಟಿದ್ದ. ನಾನು ಕೆಲಸದಿಂದ ಬಂದ ಕೂಡಲೇ ಕೊಟ್ಟ.

‘ನಿಮ್ ಆಫೀಸ್ನಿಂದ ಬಂದೈತೆ. ಏನಂತ ಬರ್ದವ್ರೆ ಓದು’ ಅಂದ.

ಓದಿದೆ. ‘ಅನ್ಸೆಲ್ಮೊ ಕಿಂತೆರೊ ಅವರೇ, ನಿಮ್ಮ ಲಕೋಟೆಯ ಮೇಲಿನ ಸಹಿ ನಮ್ಮ ಕಡತದ ಸಹಿಗೆ ಹೊಂದುತ್ತಿಲ್ಲ. ನಿಮ್ಮ ಮತ ಎಣಿಕೆಯಾಗಿಲ್ಲ.’ ಕೆಳಗೆ ಅವನ ಲಕೋಟೆಯ ಸಹಿಯ ನಕಲು. ಮೂರು ಸುಳಿ, ಎರಡು ಚುಕ್ಕೆ.

ಡ್ವೇನನ ಮಾತು, ನನ್ನ ನಗು, ಎರಡೂ ಆ ಸಣ್ಣ ಅಡುಗೆಮನೆಯಲ್ಲಿ ಮತ್ತೆ ಕೇಳಿದ ಹಾಗಾಯಿತು.

‘ಏನಂತೆ?’

‘ಮತ ಹಾಕಿದ್ದಕ್ಕೆ ಧನ್ಯವಾದ ಹೇಳಿದ್ದಾರಪ್ಪ’ ಅಂದೆ.

ಅಪ್ಪನ ಮುಖ ಅರಳಿತು. ಕಾಗದವನ್ನು ವಾಪಸ್ಸು ಇಸಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅವನ ತಿರಸ್ಕಾರದ ಕಾಗದ ನಾಲ್ಕು ದಿನ ನಮ್ಮ ಫ್ರಿಜ್ಜಿನ ಮೇಲೆ ಮೆಚ್ಚುಗೆಯ ಪತ್ರದಂತೆ ನಿಂತಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ನೋಡಿದೆ.

ಆ ಚೊಕ್ಕ ಸಹಿ ಎಲ್ಲಿ ನೋಡಿದ್ದೆ ಎಂದು ಈಗ ಹೇಳುತ್ತೇನೆ. ಅದು ನನ್ನದು. ಆರು ಸೆಕೆಂಡಿನಲ್ಲಿ ಮಚ್ಚೆ ಹುಡುಕುವ ಕಣ್ಣಿಗೆ ನನ್ನ ಕೈಯೇ ಗುರುತು ಸಿಕ್ಕಿರಲಿಲ್ಲ.

ಅವ್ವ ಸತ್ತಾಗ ನನಗೆ ಒಂಬತ್ತು ವರ್ಷ. ಆ ವರ್ಷ ಶಾಲೆಯಿಂದ ಪ್ರವಾಸದ ಚೀಟಿಗೆ ಅಪ್ಪನ ಸಹಿ ಬೇಕಿತ್ತು. ಅಪ್ಪ ತೋಟದಿಂದ ಬಂದವನು ಕೈ ತೊಳೆದು, ಒರೆಸಿ, ಮೇಜಿನ ಮುಂದೆ ಕೂತು ಐದು ನಿಮಿಷ ಹಿಡಿದು ಬರೆದ. ಮರುದಿನ ಟೀಚರ್ ಆ ಚೀಟಿ ಎತ್ತಿ ಹಿಡಿದು, ‘ಇದರ ಮೇಲೆ ಯಾವ ಪಾಪು ಗೀಚಿದೆ?’ ಅಂದರು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಅಪ್ಪನ ಸಹಿಯನ್ನು ನಾನೇ ಹಾಕತೊಡಗಿದೆ. ಶಾಲೆಯ ಚೀಟಿ, ಆಸ್ಪತ್ರೆಯ ಅರ್ಜಿ, ಬಾಡಿಗೆ ಕರಾರು. ದೊಡ್ಡದೊಂದು ‘ಎ’, ಆಮೇಲೆ ಒಂದು ಅಲೆ. ಅಪ್ಪನ ಹೆಸರಿಗೆ ಯಾರೂ ನಗದ ಹಾಗೆ ಮಾಡಿದೆ ಎಂದು ನಾನು ತಿಳಿದಿದ್ದೆ.

ಕಳೆದ ವಸಂತದಲ್ಲಿ ಅಪ್ಪ ಈ ದೇಶದ ಪ್ರಜೆಯಾದ. ಅರವತ್ತಾರನೇ ವಯಸ್ಸಿನಲ್ಲಿ. ಪ್ರಮಾಣ ಮಾಡಿ, ಪ್ರಮಾಣಪತ್ರದ ಮೇಲೆ ಅಧಿಕಾರಿಯ ಎದುರಿಗೆ ತಾನೇ ರುಜು ಹಾಕಿದ. ಅಧಿಕಾರಿ ಕಾದ. ನಾನು ನೋಡದೆ ಬೇರೆ ಕಡೆ ತಿರುಗಿ ಕೂತಿದ್ದೆ. ಹೊರಗೆ ಎರಡೂ ಪಕ್ಷಗಳವರು ಮೇಜು ಹಾಕಿಕೊಂಡು ಮತದಾರರ ನೋಂದಣಿ ಅರ್ಜಿ ಹಂಚುತ್ತಿದ್ದರು. ಒಬ್ಬ ಅಭ್ಯರ್ಥಿ ಟಿವಿಯಲ್ಲಿ ನಮ್ಮಂಥ ವಲಸೆಯವರನ್ನು ಬೈದು ಮತ ಕೇಳಿದ್ದ. ಇನ್ನೊಬ್ಬ ನಮ್ಮ ಕೇರಿಗೆ ಬಂದು ನಮ್ಮ ತಮಾಲೆ ಕಡುಬು ತಿಂದು ಮತ ಕೇಳಿದ್ದ, ಸುತ್ತಿದ ಮೆಕ್ಕೆಜೋಳದ ಸಿಪ್ಪೆ ಬಿಚ್ಚದೆ ಕಚ್ಚಿ. ಯಾರದೋ ಒಂದು ಅರ್ಜಿ ತೆಗೆದುಕೊಂಡು ಬಂದು ಕಾರಿನಲ್ಲಿ ಕೂತು ತೊಡೆಯ ಮೇಲಿಟ್ಟು ತುಂಬಿಸಿದೆ.

‘ಕೊಡು, ರುಜು ನಾನ್ ಹಾಕ್ತೀನಿ’ ಅಂದ ಅಪ್ಪ ಪಕ್ಕದ ಸೀಟಿನಿಂದ.

‘ನಿಂಗ್ಯಾಕಪ್ಪ ತೊಂದ್ರೆ, ನಾನೇ ಹಾಕ್ತೀನಿ’ ಅಂದೆ. ಹಾಕಿದೆ. ಅವನು ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಂಡು ಟೋಪಿ ಸರಿಮಾಡಿಕೊಂಡ.

ಅಧ್ಯಕ್ಷೀಯ ಮತಪತ್ರ ಬಂದ ದಿನ ಮಾತ್ರ ಅವನು ನನ್ನನ್ನು ಹೊರಗೆ ಕಳಿಸಿದ. ‘ಇದು ಗುಟ್ಟು. ನೀನೂ ನೋಡಂಗಿಲ್ಲ’ ಅಂದ. ಚಿತ್ರ ಇರುವ ಸ್ಪ್ಯಾನಿಷ್ ಕೈಪಿಡಿ ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೂತ. ಲಕೋಟೆ ಅಂಟಿಸಿ, ತಾನೇ ರುಜು ಹಾಕಿ, ಗೆಳೆಯ ಪ್ರೊಕೊಪಿಯೊನ ಟ್ರಕ್ಕಿನಲ್ಲಿ ಹೋಗಿ ಮತದ ಪೆಟ್ಟಿಗೆಗೆ ಹಾಕಿಬಂದ. ಅರವತ್ತಾರು ವರ್ಷದಲ್ಲಿ ಅವನು ತನ್ನ ಕೈಯಿಂದ ಹಾಕಿದ ಮೊದಲ ಮತ. ಅದನ್ನೇ ನಾನು ಎಸೆದದ್ದು.

ಕಾಗದ ಬಂದ ಐದನೇ ದಿನ ಬಾಗಿಲು ತಟ್ಟಿದವನು ಒಂದು ಪಕ್ಷದ ಕಾರ್ಯಕರ್ತ. ವಾರೆನ್ ಎಂದು ಹೆಸರು. ಕೋಟಿಗೆ ಪಕ್ಷದ ಬಿಲ್ಲೆ, ಕೈಯಲ್ಲಿ ಪಟ್ಟಿ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿ ನಿವೃತ್ತನಾದವನಂತೆ, ಮಾತು ಸಲೀಸು. ಅಪ್ಪ ಮತ್ತು ಪ್ರೊಕೊಪಿಯೊ ಬೀನ್ಸ್ ತಿನ್ನುತ್ತ ಕೂತಿದ್ದರು.

‘ದೊನ್ ಅನ್ಸೆಲ್ಮೊ, ನಿಮ್ಮ ಮತ ತಿರಸ್ಕಾರ ಆಗಿದೆ. ಕಾಗದ ಬಂದಿರಬೇಕಲ್ಲ?’ ಅಂದ ವಾರೆನ್, ದೊಡ್ಡವರನ್ನು ಕರೆಯುವ ಹಾಗೆ ಹೆಸರಿಗೆ ದೊನ್ ಸೇರಿಸಿ.

ಅಪ್ಪ ಅವನನ್ನು ನೋಡಿದ. ಫ್ರಿಜ್ಜನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

‘ನೀವು ಯಾವ್ ಪಕ್ಷದೋರು?’ ಅಪ್ಪ ಕೇಳಿದ.

‘ನಿಮ್ಮ ಪಕ್ಷದವರೇ.’

‘ನನ್ ಪಕ್ಷ ಯಾವ್ದು ಅಂತ ನಿಮಗ್ಯಾರು ಹೇಳಿದ್ರು? ನನ್ ಮಗಳಿಗೇ ಹೇಳಿಲ್ಲ ನಾನು.’

ವಾರೆನ್ ಪಟ್ಟಿ ನೋಡಿಕೊಂಡ. ‘ಹೆಸರು ನೋಡಿ ಅಂದ್ಕೊಂಡ್ವಿ.’

‘ಹೆಸರು ನೋಡಿ’ ಅಂದ ಪ್ರೊಕೊಪಿಯೊ ಬೀನ್ಸ್ ಅಗಿಯುತ್ತ. ‘ಕುದುರೆ ವ್ಯಾಪಾರದೋರು ಕೂಡ ಹೆಸರು ಬಿಟ್ಟು ಹಲ್ಲು ನೋಡ್ತಾರಪ್ಪ.’

ವಾರೆನ್ ನಕ್ಕು ವಿಷಯಕ್ಕೆ ಬಂದ. ಅದೇ ಮತಪತ್ರದಲ್ಲಿದ್ದ ಸಂಸತ್ ಸ್ಥಾನಕ್ಕೆ ಇನ್ನೂರು ಮತದ ಅಂತರವಿದೆಯಂತೆ. ಒಂದೊಂದು ಲಕೋಟೆಯೂ ಬೇಕಂತೆ. ಒಂದು ಅರ್ಜಿ ಮೇಜಿನ ಮೇಲಿಟ್ಟ. ‘ಇಲ್ಲಿ ಒಂದು ಸಹಿ. ಆದ್ರೆ ಕಡತದಲ್ಲಿರೋ ಥರಾನೇ ಇರಬೇಕು. ನೋಂದಣಿ ಮಾಡ್ಸಿದಾಗ ಸಹಿ ಯಾರು ಹಾಕಿದ್ರು? ಮಗಳಾ?’ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. ‘ಹಾಗಿದ್ರೆ ನೀವೇ ಹಾಕಿಬಿಡಿ. ಎಲ್ಲ ಮನೇಲೂ ಹೀಗೇ ನಡೆಯೋದು. ಕೇಳೋರು ಯಾರೂ ಇಲ್ಲ. ಎರಡು ಸೆಕೆಂಡಿನ ಕೆಲಸ.’

ಪೆನ್ನು ನನ್ನ ಕಡೆ ಚಾಚಿದ. ಹೇಳಲು ಹೇಸಿಗೆಯಾಗುತ್ತದೆ, ನನ್ನ ಕೈ ಮುಂದೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ. ಹಾಕಿಬಿಟ್ಟರೆ ಅಪ್ಪನ ಮತವೂ ಎಣಿಕೆಯಾಗುತ್ತದೆ, ನನ್ನ ಕೆಲಸವೂ ಉಳಿಯುತ್ತದೆ, ನಗೆಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪ ಅರ್ಜಿಯ ಮೇಲೆ ತನ್ನ ಅಂಗೈ ಇಟ್ಟ.

‘ಮಗಾ, ಫ್ರಿಜ್ ಮ್ಯಾಲಿರೋ ಕಾಗದ ಓದು. ಏನೈತೋ ಅದನ್ನ ಓದು.’

ಓದಿದೆ. ಒಂದೊಂದು ಸಾಲೂ ಓದಿದೆ. ಕೆಂಪು ಗುಂಡಿ ಒತ್ತಿದವಳು ನಾನು ಎಂದೂ ಹೇಳಿದೆ. ನಕ್ಕದ್ದನ್ನು ಹೇಳಲು ನಾಲಿಗೆ ಬರಲಿಲ್ಲ.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಅಂದ ಪ್ರೊಕೊಪಿಯೊ. ತಟ್ಟೆ ಬದಿಗೆ ಸರಿಸಿದ.

ಅಪ್ಪ ಅರ್ಜಿಯ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಅವನು ಹೇಳಿದ್ದು ಅವನ ಊರಿನ ಮಾತು. ನಾನು ಮೊದಲೆಂದೂ ಕೇಳಿರಲಿಲ್ಲ.

‘ನಮ್ಮೂರಲ್ಲಿ ದೊನ್ ಎವರಿಸ್ತೊ ಅಂತ ಒಬ್ಬ ಇದ್ದ. ಊರಿನ ನೀರೆಲ್ಲ ಅವನ ಕೈಲಿತ್ತು. ಆರು ವರ್ಷಕ್ಕೊಂದ್ಸಲ ಅಧ್ಯಕ್ಷರ ಚುನಾವಣೆ ಬರದು. ಬೆಳಿಗ್ಗೆ ನಮ್ಮಪ್ಪ ತೊಳ್ದ ಅಂಗಿ ಹಾಕ್ಕಂಡು ಹೋಗೋನು. ಅಷ್ಟರಲ್ಲಿ ಪೆಟ್ಟಿಗೆ ತುಂಬಿರದು. ದೊನ್ ಎವರಿಸ್ತೊ ಭುಜದ ಮ್ಯಾಲೆ ಕೈ ಹಾಕಿ, ನಿಂಗ್ಯಾಕೆ ತೊಂದ್ರೆ, ನಾನೇ ಹಾಕೀನಿ ಅನ್ನೋನು. ಆಮೇಲೆ ನಮ್ಮಪ್ಪನ ಹೆಬ್ಬೆಟ್ಟು ಹಿಡ್ದು ಶಾಯಿಗೆ ಅದ್ದಿ ಪುಸ್ತಕದ ಮ್ಯಾಲೆ ಒತ್ತೋನು. ನಾನು ಪಕ್ಕದಲ್ಲಿ ನಿಂತು ನೋಡೀನಿ. ನಮ್ಮಪ್ಪ ಅದಕ್ಕೆ ಟೋಪಿ ತೆಗ್ದು ಥ್ಯಾಂಕ್ಸ್ ಹೇಳೋನು.’

ಅರ್ಜಿಯ ಮೇಲಿದ್ದ ಅಂಗೈ ಮಗುಚಿ ತನ್ನ ಹೆಬ್ಬೆರಳು ನೋಡಿಕೊಂಡ.

‘ಅವತ್ತೇ ಅಂದ್ಕಂಡೆ, ನನ್ ಹೆಬ್ಬೆಟ್ಟು ಯಾರೂ ಹಿಡಿಬಾರ್ದು ಅಂತ. ಇಪ್ಪತ್ಮೂರು ವಯಸ್ಸಿಗೆ ಕಡ್ಡಿ ತಕೊಂಡು ಮಣ್ಣಿನ ಮ್ಯಾಲೆ ರುಜು ಕಲ್ತೆ. ಒಬ್ಬ ಮುದುಕಪ್ಪ ಹೇಳ್ಕೊಟ್ಟ. ಹೆಸ್ರು ಯಾರ್ ಬೇಕಾದ್ರೂ ಬರಿಬೋದು, ಸುಳಿ ಮಾತ್ರ ನಿಂದು, ಅದನ್ನ ಕದಿಯಕ್ಕೆ ಆಗಕಿಲ್ಲ ಅಂದ. ಬೆರಳು ಮುರ್ದಾಗ ಎರಡು ಬೆರಳಲ್ಲಿ ಹಿಡ್ದು ಮತ್ತೆ ಕಲ್ತೆ.’

ನನ್ನ ಮುಖ ನೋಡದೆ ಹೇಳಿದ. ‘ನೀನು ಚಿಕ್ಕೋಳಿದ್ದಾಗ ಹಾಕ್ದೆ, ಸುಮ್ನಿದ್ದೆ. ನನ್ ರುಜು ಕಂಡ್ರೆ ನಿಂಗೆ ನಾಚ್ಕೆ ಅಂತ ಗೊತ್ತಿತ್ತು. ಕಾರಲ್ಲಿ ನೀನು ಏನಂದೆ ನೆಪ್ಪೈತಾ? ನಿಂಗ್ಯಾಕೆ ತೊಂದ್ರೆ, ನಾನೇ ಹಾಕ್ತೀನಿ. ದೊನ್ ಎವರಿಸ್ತೊನೇ ಬಂದು ಪಕ್ಕದಲ್ಲಿ ಕೂತಂಗಾಯ್ತು.’

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ಒಮ್ಮೆಯೂ ಹೊಡೆದವನಲ್ಲ.

ವಾರೆನ್ ಗಡಿಯಾರ ನೋಡಿಕೊಂಡು, ‘ಅದೆಲ್ಲ ಸರಿ, ಸಹಿ ವಿಷಯ...’ ಅಂದ.

‘ಅರ್ಜಿ ತಕೊಂಡೋಗಿ’ ಅಂದ ಅಪ್ಪ. ‘ನಾನೇ ಆಫೀಸಿಗೆ ಹೋಗ್ತೀನಿ.’

ನನಗೆ ಹೇಳದೆ ಹೋದ. ಮಂಗಳವಾರ ಹನ್ನೊಂದು ಗಂಟೆಗೆ ಗಾಜಿನ ಆಚೆ, ಕೌಂಟರಿನ ಮುಂದೆ ಅವನ ಬಿಳಿ ಟೋಪಿ ಕಂಡಿತು. ಪ್ರಮಾಣವಚನದ ದಿನ ಹಾಕಿದ್ದ ಕೋಟು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಪ್ರಜೆಯ ಪ್ರಮಾಣಪತ್ರ. ಹಿಂದೆ ಹತ್ತು ಹನ್ನೆರಡು ಜನರ ಸಾಲು. ಎಲ್ಲರ ಕೈಯಲ್ಲೂ ಅದೇ ಬಿಳಿ ಕಾಗದ. ಎಲ್ಲ ನಮ್ಮ ಕೇರಿಗಳ ಮುಖಗಳು, ತೋಟದಲ್ಲಿ ಸುಟ್ಟ ಕತ್ತುಗಳು. ಅಲ್ಲಿಯವರೆಗೆ ನಾನು ಆ ಸಾಲಿನ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ಮಾರ್ಲಿನ್ ಮರ್ಯಾದೆಯಿಂದಲೇ ಅರ್ಜಿ ಕೊಟ್ಟಳು. ಅಪ್ಪ ಟೋಪಿ ತೆಗೆದಿಟ್ಟ. ಮೊಣಕೈ ಕೌಂಟರಿಗೆ ಊರಿದ. ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪೆನ್ನು ಹಿಡಿದ. ಮುರಿದ ತೋರುಬೆರಳು ನೆಟ್ಟಗೆ ಎತ್ತಿಕೊಂಡೇ ಇತ್ತು. ಅಕ್ಷರ ಒಂದೊಂದೇ ಬಂತು. ಆಮೇಲೆ ಉಸಿರು ಬಿಗಿಹಿಡಿದು ಸುಳಿ ಸುತ್ತಿದ. ಎರಡು ಚುಕ್ಕೆ ಇಟ್ಟ.

ಮಾರ್ಲಿನ್ ಪರದೆ ನೋಡಿ ತಲೆಯಾಡಿಸಿದಳು. ಇನ್ನೊಂದು ಹಾಕಿಸಿದಳು. ಮತ್ತೊಂದು.

‘ಈ ಮೂರೂ ಒಂದೇ ಥರ ಇವೆ ಸರ್’ ಅಂದಳು. ‘ಆದ್ರೆ ನಮ್ಮ ಹತ್ರ ಇರೋ ಥರ ಇಲ್ಲ.’

ಅಪ್ಪ ಪ್ರಮಾಣಪತ್ರ ಎದುರಿಗಿಟ್ಟು ಅದರ ಮೇಲಿನ ರುಜುವಿಗೆ ಬೆರಳಿಟ್ಟು ತೋರಿಸಿದ. ಅದೇ ಸುಳಿ, ಅದೇ ಚುಕ್ಕೆ.

‘ಅದು ಬೇರೆ ಇಲಾಖೆ ಸರ್. ನಾವು ಹೋಲಿಸ್ಬೇಕಾದ್ದು ನಮ್ಮ ಕಡತಕ್ಕೆ.’ ಅವಳು ಒಳಗೆ ತಿರುಗಿದಳು. ‘ಒದಿಲಿಯಾ, ಸ್ವಲ್ಪ ಬಾ. ಇವರಿಗೆ ಅರ್ಥ ಆಗ್ತಿಲ್ಲ.’

ಕಿಂತೆರೊ ಎಂಬ ಹೆಸರಿನವರು ಈ ಕಣಿವೆಯಲ್ಲಿ ತೋಟಕ್ಕೆ ಹತ್ತು ಜನ ಇದ್ದಾರೆ. ಅವನು ನನ್ನ ಅಪ್ಪ ಎಂದು ಅವಳಿಗೆ ಹೊಳೆದಿರಲಿಲ್ಲ. ನಾನು ಎದ್ದು ಬಂದು ಕೌಂಟರಿನ ಈಚೆ ನಿಂತೆ. ಅಪ್ಪ ಆಚೆ.

‘ಕೇಳು ಇವರನ್ನ’ ಅಂದಳು ಮಾರ್ಲಿನ್. ‘ಲಕೋಟೆ ಮೇಲೆ ಇವರ ಬದಲು ಬೇರೆ ಯಾರಾದ್ರೂ ಸಹಿ ಹಾಕಿದ್ರಾ? ಮನೆಯವರು ಹಾಗೆ ಮಾಡ್ತಾರೆ. ಅಪರಾಧ ಅಂತ ಗೊತ್ತಿರೋದಿಲ್ಲ ಪಾಪ.’

ಕೇಳಿದೆ. ನಮ್ಮ ಭಾಷೆಯಲ್ಲಿ, ಅಪರಾಧ ಎಂಬ ಮಾತನ್ನೂ ಬಿಡದೆ.

ಅಪ್ಪನಿಗೆ ಎಲ್ಲ ಅರ್ಥವಾಯಿತು. ನನ್ನ ಕೊರಳಿನ ಬ್ಯಾಡ್ಜು ನೋಡಿದ. ಅಪರಾಧ ಎಂಬ ಮಾತು ಯಾರ ಕಡೆ ಬರುತ್ತಿದೆ ಎಂದೂ ತಿಳಿಯಿತು.

‘ಎರಡೂ ನಂದೇ ಅನ್ನು’ ಅಂದ ಮೆಲ್ಲಗೆ. ‘ಅವತ್ತು ಕೈ ಊದ್ಕಂಡಿತ್ತು, ಅದಕ್ಕೇ ಬ್ಯಾರೆ ಥರ ಬಂತು ಅನ್ನು. ಹೇಳು ಮಗಾ. ನಿನ್ ಕೆಲ್ಸ ಹೋಯ್ತದೆ.’

ತನ್ನ ಹೆಬ್ಬೆಟ್ಟನ್ನು ಯಾರಿಗೂ ಕೊಡದವನು ನನ್ನ ಹೊಟ್ಟೆಪಾಡಿಗಾಗಿ ನನ್ನ ಕಳ್ಳಸಹಿಯನ್ನು ತನ್ನದೆಂದು ಒಪ್ಪಿಕೊಳ್ಳುತ್ತಿದ್ದ. ಮೂವತ್ತು ವರ್ಷ ಅವನ ಮಾತನ್ನು ನನಗೆ ಬೇಕಾದ ಹಾಗೆ ತಿರುಗಿಸಿ ಹೇಳಿದ್ದೇನೆ. ಡಾಕ್ಟರಿಗೆ, ಮಾಲೀಕನಿಗೆ, ಟೀಚರಿಗೆ. ಇದೊಂದನ್ನು ಹೇಳಲಾಗಲಿಲ್ಲ.

‘ಇವರು ನಮ್ಮಪ್ಪ’ ಅಂದೆ ಮಾರ್ಲಿನ್‌ಗೆ. ‘ಲಕೋಟೆ ಮೇಲಿರೋದು ಅವರದೇ. ಕಡತದಲ್ಲಿರೋದು ಸುಳ್ಳು. ಅದನ್ನ ನಾನು ಹಾಕಿದ್ದು. ಅವರು ಕೊಡು ಅಂತ ಕೈ ಚಾಚಿದ್ರು, ನಾನು ಕೊಡಲಿಲ್ಲ. ಇಲ್ಲಿ ಕೂತು ಅವರ ಮತ ಎಸೆದದ್ದೂ ನಾನೇ. ಎಸೆಯೋ ಮುಂಚೆ ಡ್ವೇನ್ ಜೊತೆ ಸೇರಿ ನಕ್ಕೆ.’

ಮಾರ್ಲಿನ್ ಸಾಲಿನ ಕಡೆ ನೋಡಿದಳು. ‘ಒದಿಲಿಯಾ, ಒಳಗೆ ಕೂತು ಮಾತಾಡೋಣ.’

‘ಇಲ್ಲೇ ಮಾತಾಡೋಣ.’

ಸಾಲಿನ ಕಡೆ ತಿರುಗಿ ಅದೆಲ್ಲವನ್ನೂ ನಮ್ಮ ಭಾಷೆಯಲ್ಲಿ ಹೇಳಿದೆ. ನಕ್ಕದ್ದನ್ನೂ. ಈ ಸಲ ನಾಲಿಗೆ ಬಂತು. ಅಪ್ಪ ಕೇಳಿದ. ಅವನ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು.

ಡ್ವೇನ್ ಎದ್ದು ಬಂದ. ‘ಅಧ್ಯಕ್ಷರು ಯಾರಂತ ಟಿವೀಲಿ ಬಂದು ಎರಡು ವಾರ ಆಯ್ತು. ಈ ಒಂದು ಮತದಿಂದ ಈಗ ಏನಾಗ್ಬೇಕು?’ ಅಂದ.

ಅದನ್ನೂ ಅಪ್ಪನಿಗೆ ಹೇಳಿದೆ. ಒಂದಕ್ಷರ ಬಿಡಲಿಲ್ಲ.

‘ಗೆದ್ದೋರು ಯಾರು ಅಂತ ಕೇಳಕ್ಕೆ ನಾನು ಬಂದಿಲ್ಲ ಅನ್ನು’ ಅಂದ ಅಪ್ಪ. ‘ನಾನು ಹಾಕೀನಿ. ಎಣಿಸಿದ್ರಾ ಇಲ್ವಾ, ಅದನ್ನ ಹೇಳ್ಲಿ.’

ಹೇಳಿದೆ. ಡ್ವೇನ್ ತನ್ನ ಕುರ್ಚಿಗೆ ವಾಪಸ್ಸು ಹೋಗಿ ಕೂತ. ನಾನು ಬ್ಯಾಡ್ಜು ಬಿಚ್ಚಿ ಕೌಂಟರಿನ ಮೇಲಿಟ್ಟು, ಪಕ್ಕದ ಬಾಗಿಲು ತೆಗೆದು ಅಪ್ಪನ ಕಡೆ ಹೋಗಿ ನಿಂತೆ.

ಅಪ್ಪನ ಮತ ಏನಾಯಿತು ಎಂದು ಕೇಳುತ್ತೀರಿ. ಮುಂದಿನ ಸೋಮವಾರ ಎಣಿಕೆಯ ತಕರಾರು ತೀರಿಸುವ ಮೂವರ ಮಂಡಳಿ ಕೂತು, ಇಬ್ಬರು ಬೇಡ ಒಬ್ಬರು ಬೇಕು ಎಂದು ಕೈ ಎತ್ತಿ, ಅದನ್ನು ಎಣಿಸಲಿಲ್ಲ. ನೋಂದಣಿಯಲ್ಲೇ ಅವನ ಸಹಿ ಇಲ್ಲವಲ್ಲ, ಆದ್ದರಿಂದ ಮತದಾನದ ದಿನ ಅವನು ಮತದಾರನೇ ಆಗಿರಲಿಲ್ಲವಂತೆ. ಬೇಲಿ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಆ ಬೇಲಿ ನಾನು. ನನ್ನ ಮೇಲೆ ಕೇಸು ಹಾಕುತ್ತಾರೋ ಬಿಡುತ್ತಾರೋ ಇನ್ನೂ ಗೊತ್ತಿಲ್ಲ. ಹಾಕಲಿ. ಆದರೆ ಒಂದನ್ನು ಕೇಳುತ್ತೇನೆ. ಆ ಕಡತಗಳಲ್ಲಿ ಇನ್ನೆಷ್ಟು ಮನೆಗಳ ಮಕ್ಕಳ ಕೈಬರಹ ಇದೆಯೋ, ನಿಜವಾದ ರುಜುಗಳನ್ನೆಲ್ಲ ಅದಕ್ಕೆ ಹೋಲಿಸಿ ಸುಳ್ಳು ಎಂದು ಎಸೆದವರ ಮೇಲೆ ಯಾರು ಕೇಸು ಹಾಕುತ್ತಾರೆ?

ಆ ಮಂಗಳವಾರ ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ನೋಂದಣಿಯನ್ನು ಹೊಸದಾಗಿ, ತನ್ನ ಕೈಯಿಂದಲೇ ಮಾಡಿಸುತ್ತೇನೆ ಎಂದ ಅಪ್ಪ. ಮಾರ್ಲಿನ್ ಅರ್ಜಿ ಕೊಟ್ಟಳು. ಅವನು ರುಜು ಹಾಕಿದ. ಕಡತದಲ್ಲಿ ಈಗ ಇರುವುದು ಅದು.

ಅಷ್ಟರಲ್ಲಿ ಸಾಲಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಹಸಿಂತಾ ಎಂದು ಹೆಸರು, ಚೆರಿ ಕೀಳುವವಳು. ಬಿಳಿ ಕಾಗದ ನನ್ನ ಮುಂದೆ ಹಿಡಿದಳು.

‘ಅವ್ವಾ, ನಂದೂ ಹಿಂಗೇ ಇರಬೇಕು. ನೋಂದಣಿ ರುಜು ನನ್ ಮಗ ಹಾಕಿದ್ದ. ಅವನಿಗೂ ನಾಚ್ಕೆ.’

ಕಾಗದದ ಕೆಳಗೆ ಅವಳ ಲಕೋಟೆಯ ಸಹಿಯ ನಕಲಿತ್ತು. ಎರಡು ಸುತ್ತು, ನಡುವೆ ಅಡ್ಡಗೆರೆ, ಗೆರೆಯ ತುದಿಗೆ ಒಂದು ಕೊಕ್ಕೆ. ಆ ಕೊಕ್ಕೆ ನನಗೆ ನೆನಪಿತ್ತು. ಅದನ್ನು ಆರು ಸೆಕೆಂಡಿನಲ್ಲಿ ಎಸೆದಿದ್ದೆ. ಅವಳ ಹಿಂದಿನವನು ಒಂದು ಹೆಜ್ಜೆ ಮುಂದೆ ಬಂದ. ಅವನ ಹಿಂದಿನವಳು ಕಾಗದ ಬಿಡಿಸಿದಳು.

ಮಾರ್ಲಿನ್ ಒಂದು ಅರ್ಜಿ ಈಚೆ ತಳ್ಳಿದಳು. ಹಸಿಂತಾ ಪೆನ್ನು ತೆಗೆದುಕೊಂಡು ಬಗ್ಗಿದಳು. ಕಾಗದ ಕೌಂಟರಿನ ಮೇಲೆ ಜಾರುತ್ತಿತ್ತು. ಪೆನ್ನು ಒಮ್ಮೆ ಕೈಯಿಂದ ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಪೆನ್ನು ನನ್ನ ಬೆರಳಿಗೆ ತಾನಾಗಿಯೇ ಹೊಂದಿ ಕೂತಿತು.

ಅಪ್ಪ ನನ್ನ ಕೈಯಿಂದ ಅದನ್ನು ತೆಗೆದು ಅವಳ ಕೈಗೆ ಕೊಟ್ಟ.

‘ಕಾಗದ ಜಾರದಂಗೆ ಹಿಡ್ಕೊ, ಸಾಕು’ ಅಂದ ನನಗೆ. ‘ಪೆನ್ನು ಮುಟ್ಬೇಡ.’

ಎರಡೂ ಕೈಯಿಂದ ಕಾಗದ ಹಿಡಿದುಕೊಂಡೆ. ಹಸಿಂತಾ ಬರೆಯತೊಡಗಿದಳು.